ಹಲ್ಲಜ್ಜನ ಬೀರು

ಹಲ್ಲು ಕಟ್ಟುವುದು ಅವರ ಕಸುಬು. ಡಾಕ್ಟರಲ್ಲ. ಡಾಕ್ಟರ ಕೋಣೆಯ ಹಿಂದೆ, ಮಹಡಿ ಮೆಟ್ಟಿಲಿನ ಕೆಳಗೆ ಉಳಿದ ಮೂಲೆಯಲ್ಲಿ ಕುಳಿತು ಬೊಚ್ಚುಬಾಯಿಯವರಿಗೆ ಹಲ್ಲಿನ ಸೆಟ್ಟು ಮಾಡಿಕೊಡುತ್ತಿದ್ದವರು. ಅಲ್ಲಿದ್ದದ್ದು ಒಂದು ಮೇಜು, ಮೇಣ ಕರಗಿಸುವುದಕ್ಕೆ ಪುಟ್ಟ ಗ್ಯಾಸಿನ ಉರಿ, ಪ್ಲಾಸ್ಟರಿನ ಡಬ್ಬ, ಒಂದು ಸ್ಟೂಲು, ಗೋಡೆಗೆ ಒಂದು ಬೀರು. ಆರಡಿ ಆಳು, ಸ್ಟೂಲಿನಿಂದ ಏಳುವಾಗೆಲ್ಲ ತಲೆ ಮೇಲಿನ ಮೆಟ್ಟಿಲಿಗೆ ಬಡಿಯುತ್ತಿತ್ತು. ನಲವತ್ತೇಳು ವರ್ಷ ಅಲ್ಲೇ ದುಡಿದರೂ ಬಗ್ಗಿ ಏಳಬೇಕೆಂಬುದು ಅವರಿಗೆ ಕಡೆಯವರೆಗೂ ನೆನಪಾಗಲಿಲ್ಲ. ಸಂಜೆ ಮನೆಗೆ ಬಂದಾಗ ಹೆಂಡತಿ ಹಣೆ ನೋಡಿಯೇ ಹೇಳುತ್ತಿದ್ದಳು: "ಇವತ್ತು ಮೂರು ಸಲ ಎದ್ದಿದೀರಿ."

ಹೆಂಡತಿಯನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ಕಾಲರಕ್ಕ ಎಂದು. ಡಾಕ್ಟರ ಮನೆಯ ಎದುರಿನ ದರ್ಜಿ ಅಂಗಡಿಯಲ್ಲಿ ಹತ್ತೊಂಬತ್ತನೆಯ ವಯಸ್ಸಿನಿಂದ ಆಕೆ ಹೊಲಿದದ್ದು ಬರೀ ಅಂಗಿಯ ಕಾಲರು. ಮೈ ಒಬ್ಬರು, ತೋಳು ಇನ್ನೊಬ್ಬರು, ಕಾಲರು ಮಾತ್ರ ಆಕೆಯೇ. ಊರಿನ ಗಂಡಸರ ಕುತ್ತಿಗೆಯೆಲ್ಲ ತನಗೆ ಬಾಯಿಪಾಠ ಎಂದು ಆಕೆ ಹೇಳಿಕೊಳ್ಳುತ್ತಿದ್ದಳು.

ಇಪ್ಪತ್ತನಾಲ್ಕರಲ್ಲಿ ಒಂದು ದವಡೆ ಹಲ್ಲು ಕೀಳಿಸಿಕೊಳ್ಳಲು ಡಾಕ್ಟರ ಹತ್ತಿರ ಹೋಗಿದ್ದಳು. ಬಾಯಿ ತೆರೆದು ಕುಳಿತಿದ್ದಾಗ ಹಿಂದಿನ ಬಾಗಿಲಿನಿಂದ ಉದ್ದನೆಯ ಮನುಷ್ಯನೊಬ್ಬ ಪ್ಲಾಸ್ಟರು ಮೆತ್ತಿದ ಕೈಯಲ್ಲೇ ಬಂದು ಏನೋ ಹುಡುಕಿದ. ಹೋಗುವಾಗ ಆಕೆಯ ಬಾಯೊಳಗೆ ಇಣುಕಿ ಕೇಳಿದ:

"ದಾರ ಹಲ್ಲಲ್ಲಿ ಕಡೀತೀರಾ?"

ಬಾಯಿ ತುಂಬ ಹತ್ತಿ. ಉತ್ತರ ಕೊಡುವ ಹಾಗಿಲ್ಲ. ಕಣ್ಣಲ್ಲೇ ದುರುಗುಟ್ಟಿ ನೋಡಿದಳು.

"ಮುಂದಿನ ಹಲ್ಲಲ್ಲಿ ಗೀರು ಬಿದ್ದಿದೆ. ಅಂಗಡೀಲಿ ಕತ್ತರಿ ಇಲ್ವಾ?"

ಮರುದಿನ ಅವರು ಬೀದಿ ದಾಟಿ ಅಂಗಡಿಗೆ ಬಂದು ಬೆರಳುದ್ದದ ಒಂದು ಕತ್ತರಿಯನ್ನು ಆಕೆಯ ಮೆಷಿನ್ನಿನ ಮೇಲೆ ಇಟ್ಟರು. ದರ್ಜಿ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, "ನಮ್ಮಲ್ಲಿ ಹನ್ನೊಂದು ಕತ್ತರಿ ಇದಾವಪ್ಪಾ" ಎಂದರು.

"ಇರಬಹುದು. ಇವರ ಕೈಗೆ ಸಿಗ್ತಿಲ್ಲ."

ಅಂಗಡಿಯವರೆಲ್ಲ ಗೊಳ್ಳೆಂದು ನಕ್ಕರು. ಕಾಲರಕ್ಕನ ಕಿವಿ ಕೆಂಪಾಯಿತು. ಆಮೇಲೆ ಹದಿಮೂರು ತಿಂಗಳಿಗೆ ಮದುವೆಯಾಯಿತು. ಅಷ್ಟು ದಿನವೂ ಆಕೆ ಕತ್ತರಿಯನ್ನು ಎದುರಿಗೇ ಇಟ್ಟುಕೊಂಡು ದಾರವನ್ನು ಹಲ್ಲಿನಿಂದಲೇ ಕಡಿದಳು. ಬೀದಿಯಾಚೆಯ ಕಿಟಕಿಯಲ್ಲಿ ಆ ಉದ್ದನೆಯ ಮನುಷ್ಯ ತಲೆ ಚಚ್ಚಿಕೊಳ್ಳುವುದನ್ನು ನೋಡುವುದೇ ಆಕೆಗೊಂದು ಖುಷಿ.

ಅವರಿಗೊಂದು ಹಟವಿತ್ತು. ಸೆಟ್ಟು ಮಾಡಿಸಲು ಬಂದವರಿಗೆ "ಹಳೇ ಫೋಟೋ ಇದ್ರೆ ತನ್ನಿ, ನಕ್ಕಿರೋದು" ಎನ್ನುತ್ತಿದ್ದರು. ಕೆಲವರ ಬಳಿ ಇರುತ್ತಿರಲಿಲ್ಲ. ಆ ಕಾಲದಲ್ಲಿ ಫೋಟೋಕ್ಕೆ ನಗುವುದು ಯಾರಿಗೆ ಗೊತ್ತಿತ್ತು? ಆಗ ಮನೆಯವರನ್ನು ಕರೆಸಿ ಕೇಳುತ್ತಿದ್ದರು: ಮುಂಚೆ ಹೇಗಿತ್ತು, ಉಬ್ಬಿತ್ತೇ, ಸಂದಿತ್ತೇ, ಒಂದರ ಮೇಲೊಂದು ಏರಿತ್ತೇ? ಇದ್ದ ವಕ್ರವನ್ನು ಇದ್ದ ಹಾಗೆಯೇ ಕೂರಿಸುತ್ತಿದ್ದರು. ಡಾಕ್ಟರಿಗೂ ಅವರಿಗೂ ಇದರ ಮೇಲೆ ದಿನಾ ಜಗಳ.

"ಜನ ನೆಟ್ಟಗಿರೋ ಹಲ್ಲು ಬೇಕು ಅಂತ ಬರ್ತಾರೆ ಕಣ್ರೀ. ನೀವು ಸೊಟ್ಟದ್ದು ಮಾಡಿ ಕಳಿಸ್ತೀರಿ!"

"ನೆಟ್ಟಗಿರೋದು ಹಾಕ್ಕೊಂಡು ಹೋಗಿ ಕನ್ನಡಿ ನೋಡಿದ್ರೆ ಬೇರೆ ಯಾರೋ ಕಾಣ್ತಾರೆ ಡಾಕ್ಟ್ರೇ. ವಾರಕ್ಕೇ ತೆಗೆದು ಡಬ್ಬೀಲಿ ಇಟ್ಟುಬಿಡ್ತಾರೆ."

ಕೊನೆಗೆ ಡಾಕ್ಟರಿಗೇ ಹಲ್ಲು ಬಿದ್ದಾಗ ಅವರು ಸುಮ್ಮನೆ ಒಂದು ಫೋಟೋ ತಂದು ಮೆಟ್ಟಿಲಿನ ಕೆಳಗಿನ ಮೇಜಿನ ಮೇಲಿಟ್ಟು ಹೋದರು. ಅದರಲ್ಲಿ ಅವರಿಗೆ ಮೂವತ್ತು ವಯಸ್ಸು. ಬಾಯಗಲಿಸಿ ನಗುತ್ತಿದ್ದರು, ಮುಂದಿನ ಎರಡು ಹಲ್ಲು ಬಾಗಿಲ ರೆಕ್ಕೆಗಳ ಹಾಗೆ ಅರ್ಧ ತೆರೆದಿದ್ದವು. ಈಗಲೂ ಹಾಗೆಯೇ ಇವೆ.

ಮನೆಯಲ್ಲಿಯೂ ಅವರದು ಇದೇ ಕಣ್ಣು. ಮಗಳಿಗೆ ಹದಿನಾರಾದಾಗ ಇದೊಂದು ದೊಡ್ಡ ತಲೆನೋವು. "ಅಪ್ಪ ನನ್ನ ಫ್ರೆಂಡ್ಸ್ ಮುಖ ನೋಡಲ್ಲ, ಬಾಯಿ ನೋಡ್ತಾರೆ. ಮರ್ಯಾದೆ ಹೋಗತ್ತೆ" ಎಂದು ಗೊಣಗುತ್ತಿದ್ದಳು. ಮುಂದೆ ತಾನು ಮೆಚ್ಚಿದ ಹುಡುಗನನ್ನು ಮನೆಗೆ ಕರೆತಂದಳು. ಹುಡುಗ ಟೀ ಕುಡಿದು ಹೋದ. ಅಪ್ಪ ಹೇಳಿದ್ದು ಇಷ್ಟೇ:

"ನಿದ್ದೇಲಿ ಹಲ್ಲು ಕಡೀತಾನೆ ಪಾಪ. ಏನೋ ಮನಸ್ಸಲ್ಲೇ ನುಂಗ್ಕೊಂಡಿದಾನೆ. ಒಳ್ಳೇವ್ನು. ಮಾತಾಡ್ಸು, ಬಾಯಿ ಬಿಡಿಸು."

ಬಿಡಿಸಿದಳು. ಹುಡುಗನ ತಾಯಿ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಹೇಳಿದರೆ ಎಲ್ಲಿ ಹೆಣ್ಣು ಕೊಡುವುದಿಲ್ಲವೋ ಎಂದು ಆತ ಅಡಗಿಸಿಟ್ಟಿದ್ದ. ಮದುವೆಯಾದ ಮೇಲೆ ಆ ತಾಯಿಗೂ ಒಂದು ಸೆಟ್ಟು ತಯಾರಾಯಿತು. ಅಳತೆ ತೆಗೆದುಕೊಳ್ಳಲು ಅವರೇ ಹಾಸಿಗೆಯ ಬಳಿಗೆ ಹೋಗಿದ್ದರು.

ಮಗಳ ಸಂಸಾರ ಅದೇ ಮನೆಯ ಮಹಡಿಗೆ ಬಂತು. ಮೊಮ್ಮಗಳು ಹುಟ್ಟಿದಳು. ಮೂರು ವರ್ಷಕ್ಕೆ ಅವಳು ಅವರಿಗೆ ಹಲ್ಲಜ್ಜ ಎಂದು ಹೆಸರಿಟ್ಟಳು. ತಿಂಗಳೊಳಗೆ ಬೀದಿಯೂ ಹಾಗೆಯೇ ಕರೆಯಿತು. ಆರು ವರ್ಷಕ್ಕೆ ಅವಳ ಮುಂದಿನ ಹಲ್ಲು ಬಿತ್ತು. ಮೂರೇ ದಿನಕ್ಕೆ ಶಾಲೆಯಲ್ಲಿ ಫೋಟೋ ತೆಗೆಯುವವರಿದ್ದರು.

"ಹಲ್ಲಜ್ಜಾ, ನಂಗೊಂದು ಹಲ್ಲು ಮಾಡ್ಕೊಡು."

"ಆಗಲ್ಲ. ನಿಂದು ನೀನೇ ಬೆಳೆಸ್ಕೋಬೇಕು."

"ಊರಿಗೆಲ್ಲ ಮಾಡ್ಕೊಡ್ತೀಯ!"

ಬಿಳಿ ಮೇಣದಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡ ಹಲ್ಲು ಮಾಡಿ, ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ಮೊಣಕಾಲೂರಿ ಕುಳಿತು ಅಂಟಿಸಿದರು. "ನಗು, ಆದ್ರೆ ಜಾಸ್ತಿ ನಗ್ಬೇಡ" ಎಂದು ಹೇಳಿ ಕಳಿಸಿದರು. ಮಕ್ಕಳು ಕೇಳುತ್ತಾರೆಯೇ? ಫೋಟೋದಲ್ಲಿ ಮೊಮ್ಮಗಳು ಬಿದ್ದು ಬಿದ್ದು ನಗುತ್ತಿದ್ದಾಳೆ, ಮೇಣದ ಹಲ್ಲು ಕೆಳತುಟಿಯ ಮೇಲೆ ಕುಳಿತಿದೆ. ನಲವತ್ತು ವರ್ಷಕ್ಕೂ ಹೆಚ್ಚು ಕಾಲದಲ್ಲಿ ತಾವು ಕಟ್ಟಿದ ಹಲ್ಲು ಬಿದ್ದದ್ದು ಇದೊಂದೇ ಎಂದು ಅವರು ಬಂದವರಿಗೆಲ್ಲ ಆ ಫೋಟೋ ತೋರಿಸುತ್ತಿದ್ದರು.

ಕಾಲರಕ್ಕನ ಹಲ್ಲು ಹೋದದ್ದು ಅರವತ್ತೆರಡರಲ್ಲಿ. ಕೊನೆಯ ಐದನ್ನು ಒಂದೇ ವಾರದಲ್ಲಿ ತೆಗೆಸಿದಳು. ಮುಖಕ್ಕೆ ಸೆರಗು ಅಡ್ಡ ಹಿಡಿದು ಗಂಡನ ಎದುರಿಗೆ ಓಡಾಡಿದಳು. ಊರಿನ ಬೊಚ್ಚುಬಾಯಿಯನ್ನೆಲ್ಲ ನೋಡಿದ ಮನುಷ್ಯನ ಮುಂದೆ ತನಗೇಕೆ ಇಷ್ಟು ನಾಚಿಕೆ ಎಂದು ಆಕೆಗೇ ತಿಳಿಯಲಿಲ್ಲ. ಅವರು ಸೆರಗು ಸರಿಸಲು ಹೋಗಲಿಲ್ಲ. "ಫೋಟೋ ಬೇಡ್ವಾ?" ಎಂದು ಆಕೆ ಕೇಳಿದ್ದಕ್ಕೆ, "ಯಾವುದಕ್ಕೆ?" ಎಂದರು.

ಎಲ್ಲರಿಗೂ ಎರಡು ವಾರ. ಆಕೆಯದಕ್ಕೆ ಎರಡು ತಿಂಗಳು ತೆಗೆದುಕೊಂಡರು. ಡಾಕ್ಟರ ಕುರ್ಚಿಯಲ್ಲಿ ಕೂರಿಸಿ, ಹೆಬ್ಬೆರಳೆರಡರಿಂದ ಸೆಟ್ಟನ್ನು ಮೇಲಕ್ಕೊತ್ತಿ ಕೂರಿಸಿ, ಕನ್ನಡಿ ಕೊಟ್ಟರು. ಬಲಗಡೆಯ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಕಾಲು ಹಾಕಿದಂತೆ ಮೊದಲಿನ ಹಾಗೇ ಏರಿ ಕುಳಿತಿತ್ತು. ಮುಂದಿನ ಹಲ್ಲಿನ ಅಂಚಿನಲ್ಲಿ ದಾರ ಹಿಡಿಯುವಷ್ಟೇ ಒಂದು ಗೀರು. ಉಜ್ಜಿ ಉಜ್ಜಿ ಮಾಡಿದ್ದರು.

"ಇದನ್ನ ಯಾಕೆ ಬಿಟ್ರಿ? ಬೈತಿದ್ರಲ್ಲ ಇದಕ್ಕೇ?"

"ಬೈಯೋಕೆ ಬೇಕಲ್ಲ" ಎಂದರು.

ಅವರು ಹೋದದ್ದು ಎಪ್ಪತ್ತೊಂದರ ವಯಸ್ಸಿನಲ್ಲಿ, ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಬೀಗ ರಿಪೇರಿ ಮಾಡುವ ತಾತನೊಬ್ಬನಿಗೆ ಮೇಲಿನ ಸೆಟ್ಟು ಕಟ್ಟುತ್ತಿದ್ದರು. ಮುಂದಿನ ಆರು ಹಲ್ಲು ಮೇಣದಲ್ಲಿ ನಿಂತಿದ್ದವು, ಏಳನೆಯದು ಕೈಯಲ್ಲಿತ್ತು. ಸ್ಟೂಲಿನಿಂದ ಏಳದೆಯೇ ಮೇಜಿನ ಮೇಲೆ ಒರಗಿಬಿಟ್ಟರು. ಕಾಲರಕ್ಕ ಆಗ ಅಂಗಡಿ ಬಿಟ್ಟು ಮನೆಯಲ್ಲೇ ಹೊಲಿಯುತ್ತಿದ್ದಳು; ಡಾಕ್ಟರು ಅಲ್ಲಿಗೆ ನಡೆದುಕೊಂಡೇ ಬಂದರು. ಕೈಯ ಗವುಸನ್ನು ಇನ್ನೂ ತೆಗೆದಿರಲಿಲ್ಲ. ಆ ಗವುಸು ನೋಡಿದ ಕೂಡಲೇ ಕಾಲರಕ್ಕನಿಗೆ ಗೊತ್ತಾಯಿತು; ಡಾಕ್ಟರು ಬಾಯಿ ತೆರೆಯುವ ಮೊದಲೇ ಆಕೆ ಹೊಲಿಗೆ ಮೆಷಿನ್ನಿನಿಂದ ಬಟ್ಟೆ ಬಿಡಿಸಿ, ಮಡಿಸಿ, ಎದ್ದು ನಿಂತಿದ್ದಳು.

ಮನೆ ತುಂಬ ಜನ ಬಂದರು. ಅಳುವಾಗ ಮನುಷ್ಯನ ಬಾಯಿ ತೆರೆದುಕೊಳ್ಳುತ್ತದೆ. ಗೋಡೆಗೊರಗಿ ಕುಳಿತ ಕಾಲರಕ್ಕನಿಗೆ ಒಬ್ಬೊಬ್ಬರ ಬಾಯಲ್ಲೂ ಅವರ ಕೈ ಕಾಣುತ್ತಿತ್ತು. ಅಂಚೆಯವರ ಆ ಉಬ್ಬು ಹಲ್ಲು, ಹೂವಿನಂಗಡಿಯ ಅಮ್ಮನ ಆ ಸಂದು. ಮಲಗಿದ್ದವರದು ಮಾತ್ರ ಮುಚ್ಚಿದ ಬಾಯಿ. ಅದರೊಳಗಿನ ಮೂವತ್ತೆರಡೂ ಅವರ ಸ್ವಂತದ್ದು.

ಆಮೇಲಿನ ದಿನಗಳು ಹೇಗೆ ಕಳೆದವೆಂದರೆ, ಕಳೆದವು. ಸಂಜೆ ಆರಕ್ಕೆ ಕಿವಿ ತಾನಾಗಿ ಗೇಟಿನ ಕಡೆ ತಿರುಗುತ್ತಿತ್ತು. ಎರಡು ಲೋಟ ಟೀ ಸೋಸಿ, ಒಂದನ್ನು ವಾಪಸು ಪಾತ್ರೆಗೆ ಸುರಿಯುವುದು ಎಷ್ಟೋ ದಿನ ನಡೆಯಿತು. ಅವರ ಅಂಗಿಗಳ ಕಾಲರು ಒಳಗಡೆ ಸವೆದಿತ್ತು. ಎಲ್ಲವನ್ನೂ ಬಿಚ್ಚಿ, ತಿರುಗಿಸಿ, ಮತ್ತೆ ಹೊಲಿದು ಇಸ್ತ್ರಿ ಮಾಡಿಟ್ಟಳು.

ಏಳು ತಿಂಗಳಾಗಿತ್ತು. ಒಂದು ದಿನ ಸೇಬು ಕಚ್ಚುವಾಗ ಕೆಳಗಿನ ಸೆಟ್ಟು ಹಣ್ಣಿನ ಜೊತೆಗೇ ಎದ್ದು ಬಂತು. ತಿಕ್ಕಿ ತೊಳೆದು ಮತ್ತೆ ಕೂರಿಸಿದಳು. ಎರಡು ದಿನಕ್ಕೆ ಮೇಲಿನದೂ ಸಡಿಲಾಯಿತು. ವಯಸ್ಸಾದ ಹಾಗೆ ವಸಡು ಇಳಿಯುತ್ತದೆ, ಸೆಟ್ಟು ಅಲ್ಲಾಡುತ್ತದೆ. ಹಲ್ಲಿನವರ ಹೆಂಡತಿಗೆ ಇದು ಗೊತ್ತಿಲ್ಲವೆಂದಲ್ಲ. ಹೊಸದು ಮಾಡಿಸಬೇಕು ಎನ್ನುತ್ತಾರೆ, ಹಳೆಯದನ್ನು ಡಬ್ಬಿಗೆ ಹಾಕುತ್ತಾರೆ, ಅದೂ ಗೊತ್ತು. ಆ ಹೆಬ್ಬೆರಳು ಒತ್ತಿದ ಜಾಗದಲ್ಲಿ ಬೇರೆ ಯಾರದೋ ಹೆಬ್ಬೆರಳು ಎಂದು ನೆನೆಸಿಕೊಂಡರೇ ಆಕೆ ಸೆಟ್ಟನ್ನು ನಾಲಗೆಯಿಂದ ಒತ್ತಿ ಹಿಡಿಯುತ್ತಿದ್ದಳು.

ಯಾರಿಗೂ ಹೇಳಲಿಲ್ಲ. ಒಳಗೆ ಹತ್ತಿ ಇಟ್ಟುಕೊಂಡಳು. ಮೆದುವಾದದ್ದನ್ನೇ ತಿಂದಳು. ಮಾತಾಡಿದರೆ ಟಕ್ಕೆಂದು ಸದ್ದು ಬರುತ್ತಿತ್ತು, ಅದಕ್ಕೆ ಮಾತು ಕಡಿಮೆ ಮಾಡಿದಳು. ಗಿರಾಕಿಗಳಿಗೆ ತಲೆಯಾಡಿಸಿದಳು, ಫೋನಿನಲ್ಲಿ ಹೂಂ, ಉಹುಂ. ನಗುವುದನ್ನಂತೂ ಬಿಟ್ಟೇಬಿಟ್ಟಳು. ಬೀದಿಯಲ್ಲಿ ಕೇಳಿದವರಿಗೆ ಮಗಳು ಹೇಳುತ್ತಿದ್ದಳು: "ಅಪ್ಪ ಹೋದ್ಮೇಲೆ ಅಮ್ಮ ಬಾಯೇ ಬಿಡ್ತಿಲ್ಲ. ದುಃಖ ಒಳಗೇ ಇಟ್ಕೊಂಡಿದಾಳೆ."

ಗುಟ್ಟು ಬಿಟ್ಟುಕೊಟ್ಟವಳು ಮೊಮ್ಮಗಳು. ಒಂದು ಭಾನುವಾರ ಎಲ್ಲರೂ ಊಟಕ್ಕೆ ಕುಳಿತಾಗ ಅವಳು ತಟ್ಟೆಯಿಂದ ತಲೆಯೆತ್ತದೆಯೇ ಹೇಳಿದಳು: "ಅಜ್ಜೀದು ದುಃಖ ಅಲ್ಲ, ಅಜ್ಜಿ ಹಲ್ಲು ಟಕ್ ಟಕ್ ಅನ್ನತ್ತೆ. ನಂಗೆ ಕೇಳ್ಸತ್ತೆ."

ಮಗಳು ಚಮಚ ಕೆಳಗಿಟ್ಟಳು. "ಅಮ್ಮ, ಬಾಯಿ ತೆಗಿ."

"ಏನಿಲ್ಲ ಸುಮ್ನಿರೇ."

ಟಕ್.

"ಎಷ್ಟು ದಿನದಿಂದ?"

ಕಾಲರಕ್ಕ ಎದ್ದು ತಟ್ಟೆ ತೊಳೆಯಲು ಹೋದಳು. ಮಗಳೂ ಹಿಂದೆಯೇ ಹೋದಳು. ನಲ್ಲಿಯ ನೀರು ಬಿಟ್ಟುಕೊಂಡು ತಾಯಿ ಹೇಳಿದಳು: "ಹೊಸದು ಬೇಡ ನಂಗೆ. ಇದೇ ಸಾಕು. ಇದ್ರಲ್ಲೇ ಹೋಗ್ತೀನಿ."

"ಅಪ್ಪ ಇದ್ದಿದ್ರೆ ಏನಂತಿದ್ರು?"

"ಅಪ್ಪ ಇದ್ದಿದ್ರೆ ಸಡಿಲ ಯಾಕಾಗ್ತಿತ್ತು?"

ಮಗಳು ತಾಯಿಯ ಕೈಯಿಂದ ತಟ್ಟೆ ತೆಗೆದುಕೊಂಡು ತಾನೇ ತೊಳೆದಳು. ಮರುದಿನ ಬೆಳಿಗ್ಗೆ ಕಾಲರಕ್ಕ ತಾನಾಗಿಯೇ ಚಪ್ಪಲಿ ಮೆಟ್ಟಿ, "ತೋರಿಸ್ಕೊಂಡು ಬರ್ತೀನಿ, ಕೊಡಲ್ಲ, ಬರೀ ತೋರಿಸ್ತೀನಿ" ಎಂದು ಹೊರಟಳು.

ಮೆಟ್ಟಿಲಿನ ಕೆಳಗಿನ ಮೇಜಿಗೆ ಈಗ ಇಪ್ಪತ್ತೇಳು ವರ್ಷದ ಒಬ್ಬ ಹುಡುಗಿ ಬಂದಿದ್ದಳು. ಗಿಡ್ಡ ಹುಡುಗಿ; ತಲೆ ಎಲ್ಲಿಗೂ ತಾಗುತ್ತಿರಲಿಲ್ಲ. ಬೀಗದ ತಾತನ ಅರ್ಧ ಉಳಿದ ಸೆಟ್ಟನ್ನು ಮುಗಿಸಿದವಳು ಇವಳೇ. ತಾತ ಅವತ್ತು ಬಾಗಿಲಲ್ಲೇ ಸಿಕ್ಕು ಕಾಲರಕ್ಕನಿಗೆ ಬಾಯಿ ತೆರೆದು ತೋರಿಸಿದ: "ಮುಂದಿನ ಆರು ಅವರದು. ಹಿಂದಿನವು ಈ ಹುಡುಗೀದು. ಗಲಾಟೆ ಇಲ್ದೆ ಹೊಂದ್ಕೊಂಡಿದಾವಕ್ಕ."

ಹುಡುಗಿ ಸೆಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬೆಳಕಿಗೆ ಹಿಡಿದಳು. ತಿರುಗಿಸಿ ತಿರುಗಿಸಿ ನೋಡಿದಳು. ಗೀರಿನ ಮೇಲೆ ಅವಳ ಬೆರಳು ನಿಂತಿತು.

"ಇದು ಸವೆದದ್ದಲ್ಲ. ಬೇಕೂಂತ ಮಾಡಿದ್ದು."

"ಹೂಂ" ಎಂದಳು ಕಾಲರಕ್ಕ, ಬಾಯಿಗೆ ಸೆರಗು ಹಿಡಿದು.

"ಅಮ್ಮ, ಇದನ್ನ ಎಸೆಯೋದೇನೂ ಬೇಡ. ಹಲ್ಲು ಒಂದನ್ನೂ ಮುಟ್ಟಲ್ಲ. ಒಳಗಡೆ, ವಸಡು ತಾಗೋ ಕಡೆ ಮಾತ್ರ ಹೊಸ ಪದರ ಕೂರಿಸ್ತೀನಿ. ನಿಮ್ಮ ಅಂಗಿ ಕಾಲರಿಗೆ ಒಳಗೆ ದಪ್ಪ ಬಟ್ಟೆ ಇಡ್ತೀರಲ್ಲ, ಹಂಗೆ. ಮೇಲೆ ಕಾಣೋದೆಲ್ಲ ಅವರದ್ದೇ."

ಕಾಲರಕ್ಕ ಅವಳ ಕೈಗಳನ್ನು ನೋಡಿದಳು. ಉಗುರಿನ ಸಂದಿಯಲ್ಲಿ ಬಿಳಿ ಪ್ಲಾಸ್ಟರು ಒಣಗಿತ್ತು. ಹೀಗೆಯೇ ಇರುತ್ತಿತ್ತು ಅವರದೂ. ಎಷ್ಟು ಸೋಪು ಹಚ್ಚಿದರೂ ಹೋಗುತ್ತಿರಲಿಲ್ಲ.

"ಎಷ್ಟು ದಿನ ಬಿಟ್ಟು ಹೋಗ್ಬೇಕು?"

"ಸಂಜೆ ಐದಕ್ಕೆ ಕೊಡ್ತೀನಿ. ಎಲ್ಲೂ ಹೋಗ್ಬೇಡಿ, ಇಲ್ಲೇ ಕೂತಿರಿ."

ಕುಳಿತಳು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಎದುರು ಅಂಗಡಿಯಿಂದ ಈ ಕಟ್ಟಡವನ್ನು ನೋಡಿದವಳು, ಈ ಮೂಲೆಯಲ್ಲಿ ಇಡೀ ದಿನ ಕುಳಿತದ್ದು ಅದೇ ಮೊದಲು. ಗೋಡೆಗೆ ಉದ್ದದ ಒಂದು ಕಬ್ಬಿಣದ ಬೀರು ಇತ್ತು. ಹುಡುಗಿ ಅದನ್ನು ತೆರೆದಳು. ಮೇಲಿನಿಂದ ಕೆಳಗಿನವರೆಗೆ ಬಾಯಿಗಳು. ಅವರು ಸೆಟ್ಟು ಕಟ್ಟಿದ ಒಬ್ಬೊಬ್ಬರದೂ ಒಂದೊಂದು ಪ್ಲಾಸ್ಟರಿನ ಅಚ್ಚು, ಸಾಲು ಸಾಲಾಗಿ, ಹಳೆಯವು ಹಳದಿಗೆ ತಿರುಗಿ, ಒಂದೊಂದರ ಅಡಿಯಲ್ಲೂ ಪೆನ್ಸಿಲ್ಲಿನಲ್ಲಿ ಏನೋ ಗೀಚಿ.

"ನಿಮ್ಮದು ಇದೇ ಇರ್ಬೇಕು. ಅಳತೆ ಸರಿಹೋಗತ್ತೆ" ಎಂದು ಹುಡುಗಿ ಒಂದನ್ನು ಆರಿಸಿ ತಂದಳು. "ಕೆಳಗೆ ಏನ್ ಬರ್ದಿದಾರೋ, ಒಂದಕ್ಷರ ತಿಳಿಯಲ್ಲ. ಡಾಕ್ಟರಿಗೂ ಓದೋಕಾಗಲ್ಲ. ಎಲ್ಲ ಕಾಗೆಕಾಲು ಗುಬ್ಬಿಕಾಲು."

ಹಲ್ಲು ತರಿಸುವ ಕಂಪನಿಗೆ ಕಾಗದ ಬರೆಯಬೇಕಾದಾಗೆಲ್ಲ ಅವರು ಗೀಚಿದ್ದನ್ನು ಶುದ್ಧವಾಗಿ ನಕಲು ಮಾಡಿಕೊಡುತ್ತಿದ್ದವಳು ಕಾಲರಕ್ಕನೇ. ಅಚ್ಚನ್ನು ತಿರುಗಿಸಿ, ಕನ್ನಡಕ ಏರಿಸಿ, ಓದಿದಳು.

"ಮನೆಯವಳು. ಬಹಳ ಮಾತಾಡ್ತಾಳೆ. ಕಳಚಬಾರದು."

ಮೊದಲು ನಗು ಬಂತು. ಬೊಚ್ಚುಬಾಯಿ ಎಂಬುದು ಮರೆತೇಹೋಗಿ, ಸೆರಗು ಕೆಳಗೆ ಬಿದ್ದು, ಬಾಯಿ ತುಂಬ ನಕ್ಕಳು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ಹುಡುಗಿಗೆ ಗೊತ್ತಾಗಲಿಲ್ಲ. ಅವಳು ಗ್ಯಾಸಿನ ಉರಿ ಸಣ್ಣಗೆ ಮಾಡಿ, ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟು, ತನ್ನ ಕೆಲಸ ಮುಂದುವರಿಸಿದಳು. ಅವರು ಹೋದಂದಿನಿಂದ ಕಾಲರಕ್ಕ ಹಾಗೆ ಅತ್ತಿರಲಿಲ್ಲ.

ಐದು ಗಂಟೆಗೆ ಸೆಟ್ಟು ಕೂತಿತು. ಗಟ್ಟಿಯಾಗಿ, ಸದ್ದಿಲ್ಲದೆ. ಮನೆಗೆ ಹೋದವಳು ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಅಷ್ಟು ದಿನದ ಬಾಕಿಯನ್ನೆಲ್ಲ ಮಾತಾಡಿ ತೀರಿಸಿದಳು. ಕೊನೆಗೆ ಮಗಳೇ ಬಂದು, "ಅಮ್ಮ, ಅವಳಿಗೆ ಹೋಂವರ್ಕ್ ಇದೆ" ಎನ್ನಬೇಕಾಯಿತು.

ಮಾರನೆಯ ವಾರ ಹುಡುಗಿಯೇ ಮನೆಗೆ ಬಂದಳು. ಬಾಗಿಲಲ್ಲಿ ನಿಂತು ಸಂಕೋಚದಿಂದ ಹೇಳಿದಳು: "ಅಮ್ಮ, ಬೀರುನಲ್ಲಿರೋದನ್ನೆಲ್ಲ ಓದಿ ಹೇಳ್ತೀರಾ? ಹಳಬರು ರಿಪೇರಿಗೆ ಬಂದ್ರೆ ನಂಗೆ ಅನುಕೂಲ. ಮತ್ತೆ... ಕಲಿಯೋಕೂ ಆಗತ್ತೆ."

ಅಂದಿನಿಂದ ಮಧ್ಯಾಹ್ನ ಮೂರಕ್ಕೆ ಕಾಲರಕ್ಕ ಅಲ್ಲಿಗೆ ಹೋಗತೊಡಗಿದಳು. ಒಂದೊಂದೇ ಅಚ್ಚನ್ನು ಮಡಿಲಲ್ಲಿಟ್ಟುಕೊಂಡು ಓದುವುದು, ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. "ಬಸ್ ಡಿಪೋ ಮ್ಯಾನೇಜರು. ನಗೋದೇ ಇಲ್ಲ. ಆದ್ರೂ ಚೆನ್ನಾಗಿ ಮಾಡಿದೀನಿ, ಯಾವತ್ತಾದ್ರೂ ಬೇಕಾದೀತು." "ಲೈಬ್ರರಿ ಅಮ್ಮ. ಸಿಳ್ಳೆ ಹೊಡೆಯೋಕೆ ಬರಬೇಕಂತೆ. ಮುಂದೆ ಸಂದು ಬಿಟ್ಟಿದೆ." "ರಿಟೈರಾದ ಜಡ್ಜು. ಎಡಗಡೆ ಅಗಿಯೋದು. ಬಲಗಡೆ ನೋವಿದೆ, ಹೇಳಲ್ಲ." ಓದುವಾಗ ಕಾಲರಕ್ಕನ ದನಿ ತಾನಾಗಿ ತಗ್ಗಿ, ನಿಧಾನವಾಗಿ, ಸ್ವಲ್ಪ ಅವರ ಹಾಗೆ ಆಗುತ್ತಿತ್ತು. ಮನೆಯಲ್ಲಿ ಒಂದು ದಿನವೂ ಅವರು ಈ ಮಾತುಗಳನ್ನು ಹೇಳಿರಲಿಲ್ಲ. ಇನ್ನೊಬ್ಬರ ಬಾಯಿಯ ಗುಟ್ಟು ಹೊರಗೆ ಹೇಳಬಾರದು ಎಂದುಕೊಂಡಿದ್ದರೇನೋ. ನಲವತ್ತು ವರ್ಷ ಜೊತೆಗೆ ಬಾಳಿದ ಮೇಲೂ ಅವರದೊಂದು ಹೊಸ ಮಾತು ಕೇಳಲು ಸಿಗುತ್ತಿದೆಯಲ್ಲ ಎಂಬುದು ಆಕೆಗೆ ಆಶ್ಚರ್ಯ.

ಮೊದಲ ವಾರ ದಿನಕ್ಕೆ ಇಪ್ಪತ್ತು ಓದಿದಳು. ಎರಡು ಖಾನೆ ಮುಗಿದಾಗ ಬೀರುವನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ಹೀಗೇ ಓದಿದರೆ ಎರಡು ತಿಂಗಳಿಗೆ ಮುಗಿದುಹೋಗುತ್ತದೆ. ಮರುದಿನದಿಂದ ಐದಕ್ಕೆ ಇಳಿಸಿದಳು, ಆಮೇಲೆ ಎರಡಕ್ಕೆ. "ಇವತ್ತು ಕಣ್ಣು ನೋಯ್ತಿದೆ ಕಣಮ್ಮಾ" ಎನ್ನುತ್ತಿದ್ದಳು. ಹುಡುಗಿಗೆ ಅರ್ಥವಾಗಿತ್ತು. ಅವಳೂ ಅವಸರ ಮಾಡಲಿಲ್ಲ.

ಮೊನ್ನೆ ಒಂದು ಅಚ್ಚು ಬಂತು. ತುಂಬ ಹಳೆಯದು, ಒಂದು ಅಂಚು ಮುಕ್ಕಾಗಿತ್ತು. ಪೆನ್ಸಿಲ್ಲು ಮಾಸಿತ್ತು. ಕಾಲರಕ್ಕ ಅದನ್ನು ಕಿಟಕಿಗೆ ಹಿಡಿದಳು, ಓರೆ ಮಾಡಿದಳು, ಸೆರಗಿನಿಂದ ಮೆಲ್ಲಗೆ ಒರೆಸಿದಳು. ಮೊದಲ ಪದ ಸಿಕ್ಕಿತು, ಆಮೇಲಿನದು ಸಿಗಲಿಲ್ಲ.

"ಏನಂತೆ ಅಮ್ಮ?" ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು.

"ತಿಳೀತಿಲ್ಲ. ಇರ್ಲಿ ಬಿಡು, ಸಂಜೆ ಅವರು ಬಂದ್ಮೇಲೆ ಕೇಳ್ತೀನಿ."

ಹೇಳಿದ ಮೇಲೆ ಆ ಮಾತು ಆಕೆಯ ಕಿವಿಗೇ ಬಿತ್ತು. ಹೊರಗೆ ಬೀದಿಯಲ್ಲಿ ಬೀಗದ ತಾತ ಯಾವುದೋ ಚಾವಿಯನ್ನು ಕರಕರ ಉಜ್ಜುತ್ತಿದ್ದ. ಹುಡುಗಿ ಪೆನ್ನು ಕೆಳಗಿಟ್ಟು, ಆಕೆಯ ಕೈಯಿಂದ ಅಚ್ಚನ್ನು ತೆಗೆದುಕೊಂಡು, ಬೀರುವಿನೊಳಕ್ಕೆ ಹಾಕದೆ ಮೇಜಿನ ಮೂಲೆಯಲ್ಲಿ ಬೇರೆಯಾಗಿ ಇಟ್ಟಳು.